ಸಾಣೆಯ ಸುಲ್ತಾನಸಾಬರು ಗಾಡಿ ಕೆಡವಿಕೊಂಡದ್ದು

ಶಹಾಪುರದ ಸುಲ್ತಾನಸಾಬರ ಮನೆಯಲ್ಲಿ ವರ್ಷಕ್ಕೊಮ್ಮೆ ಒಂದು ಪರೀಕ್ಷೆ ನಡೆಯುತ್ತಿತ್ತು. ತೊಗರಿ ಕಾಯಿ ಬಲಿತು ಹೊಲದ ಬಣ್ಣ ತಿರುಗುವ ಹೊತ್ತಿಗೆ ಒಂದು ಶುಕ್ರವಾರ ಅವರು ನಮಾಜು ಮುಗಿಸಿ ಬಂದು, ತಮ್ಮ ಮೋಟಾರ್ ಸೈಕಲ್ಲನ್ನು ಅಂಗಳದಲ್ಲಿ ಎಡಮಗ್ಗುಲಿಗೆ ಮೆಲ್ಲಗೆ ಮಲಗಿಸುತ್ತಿದ್ದರು. ಹೆಂಡತಿ ಮುನ್ನಿಬೀ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದಳು. ಸಾಬರು ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತು, ಒಂದು ಕೈಯಿಂದ ಹ್ಯಾಂಡಲ್ಲನ್ನೂ ಇನ್ನೊಂದು ಕೈಯಿಂದ ಸೀಟಿನ ಹಿಂದಿನ ಕಬ್ಬಿಣವನ್ನೂ ಹಿಡಿದು, ತೊಡೆಯ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಗಾಡಿ ನಿಂತರೆ ಆ ವರ್ಷ ಊರೂರು ತಿರುಗಲು ಅಪ್ಪಣೆ. ನಿಲ್ಲದಿದ್ದರೆ ತಿರುಗಾಟ ಬಂದ್. ಗಂಡ ಹೆಂಡಿರು ಮಾಡಿಕೊಂಡ ಕರಾರು ಅದು.

ಕರಾರಿಗೆ ಕಾರಣ ಮುನ್ನಿಬೀಯ ತಮ್ಮ ಮೈನುದ್ದೀನ. ಏಳು ವರ್ಷದ ಕೆಳಗೆ ಅವನು ಸುರಪುರದ ಕಡೆಯ ಒಂದು ಒಳದಾರಿಯಲ್ಲಿ ಹೋಗುತ್ತಿದ್ದಾಗ ಮೇಕೆ ಅಡ್ಡ ಬಂತು. ನಡೆಯುವ ಮನುಷ್ಯನಷ್ಟೇ ನಿಧಾನದಲ್ಲಿದ್ದ ಗಾಡಿ ಅದು. ಬ್ರೇಕ್ ಹಿಡಿದ, ಕಾಲು ಊರಿದ, ಊರಿದ ಕಡೆ ತಗ್ಗಿತ್ತು. ಗಾಡಿ ಅವನ ಕಾಲಿನ ಮೇಲೆಯೇ ಮಲಗಿತು. ಒಬ್ಬನಿಂದ ಎತ್ತಲಾಗಲಿಲ್ಲ. ಬಿಸಿ ಸೈಲೆನ್ಸರಿನ ಕೆಳಗೆ ಕಾಲಿಟ್ಟುಕೊಂಡು ಹತ್ತು ಗಂಟೆಯಿಂದ ಎರಡು ಗಂಟೆಯ ತನಕ ಬಿದ್ದಿದ್ದ. ಮೇಕೆ ಕಾಯುವವರು ಬಂದು ಎತ್ತುವಷ್ಟರಲ್ಲಿ ಮೀನಖಂಡ ಬೆಂದಿತ್ತು. ಈಗ ಕೋಲು ಹಿಡಿದು ನಡೆಯುತ್ತಾನೆ.

ಮೈನುದ್ದೀನ ದವಾಖಾನೆಯಿಂದ ಬಂದ ದಿನವೇ ಮುನ್ನಿಬೀ ಗಂಡನನ್ನು ನಿಲ್ಲಿಸಿ ಕೇಳಿದಳು. ಮನೆಯಲ್ಲಿ ಅವರಾಡುವುದು ದಖನಿ ಉರ್ದು. ಓದುವವರಿಗೆ ತೊಡಕಾಗಬಾರದೆಂದು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆದಿದ್ದೇನೆ.

"ಗಾಡಿ ಬೀಳೋದು ಎಲ್ಲಾರಿಗೂ ಇದ್ದದ್ದೇ. ಒಬ್ಬರೇ ಇದ್ದಾಗ ಬಿದ್ರ ನಿಮಗ ಎತ್ತಾಕ ಬರ್ತದೇನು?"

"ಬರ್ತದ."

"ಬಾಯಿಲೆ ಬ್ಯಾಡ. ಮಲಗಸ್ರಿ, ಎತ್ತಿ ತೋರಸ್ರಿ."

ಅಂದು ಶುರುವಾಯಿತು.

ಸುಲ್ತಾನಸಾಬರದು ಸಾಣೆ ಹಿಡಿಯುವ ಕಸುಬು. ಅವರ ತಂದೆ ಕಾಲಿನಿಂದ ತುಳಿಯುವ ಸಾಣೆಯನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಸಾಬರು ಮೊದಲು ಸೈಕಲ್ಲಿಗೆ ಕಟ್ಟಿದರು. ಆಮೇಲೆ ನೂರು ಸಿಸಿಯ ಹಳೆಯ ಮೋಟಾರ್ ಸೈಕಲ್ ಒಂದನ್ನು ಹಿಡಿದು, ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ತಾವೇ ನಿಂತು ಅದರ ಬೆನ್ನಿಗೆ ಕಬ್ಬಿಣದ ಚೌಕಟ್ಟು ಕೂಡಿಸಿದರು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಚಾಲೂ ಮಾಡಿದರೆ ಹಿಂದಿನ ಗಾಲಿ ನೆಲ ಮುಟ್ಟದೆ ತಿರುಗುತ್ತದೆ. ಗಾಲಿಗೆ ಪಟ್ಟಿ, ಪಟ್ಟಿಗೆ ಸಾಣೆಕಲ್ಲು. ಕುಡುಗೋಲು, ಕೊಡಲಿ, ಈಳಿಗೆ, ದರ್ಜಿಯವರ ಕತ್ತರಿ, ಯಾವುದನ್ನು ಕೊಟ್ಟರೂ ಒಂದು ಸಲ ಬೆಳಕಿಗೆ ಹಿಡಿದು ನೋಡಿ, ಇದರ ಹಿಂದಿನ ಧಾರ ಯಾರು ಕೆಡಿಸಿದ್ದಾರೆಂದು ಹೇಳಬಲ್ಲರು. ಅವರು ಹಿಡಿದುಕೊಟ್ಟ ಕುಡುಗೋಲಿನಲ್ಲಿ ನಾನು ಎರಡು ಸುಗ್ಗಿ ಕೊಯ್ದಿದ್ದೇನೆ. ಹೆಚ್ಚಿಗೆ ಹೇಳಬೇಕಾದ್ದಿಲ್ಲ.

ಆ ಗಾಡಿಯ ಮೇಲೆ ಅವರು ಮುಟ್ಟದ ಊರಿಲ್ಲ. ಸುರಪುರದ ಗುಡ್ಡ ಏರಿಳಿದು ಕೊಡೇಕಲ್ ತನಕ, ಇತ್ತ ಭೀಮಾ ಸೇತುವೆ ದಾಟಿ, ಯಾದಗಿರಿ ದಾಟಿ ರಾಮಸಮುದ್ರದ ತನಕ. ಊರೊಳಗೆ ಹಾರ್ನ್ ಎರಡು ಸಲ ಒತ್ತಿದರೆ ಸಾಕು, ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು. ಸಾಬರು ಹೋದಲ್ಲಿ ಚಹಾ, ಹೋದಲ್ಲಿ ಮಾತು. ಮನೆಯಲ್ಲಿ ನಾಲ್ಕು ದಿನ ಕೂತರೆ ಮಾತ್ರ ಮನುಷ್ಯ ಮೂಲೆಗಿಟ್ಟ ರಂಟೆಯ ಹಾಗೆ ಕಾಣುತ್ತಿದ್ದರು.

ಕರಾರಿನಲ್ಲಿ ಮೊದಲಿನಿಂದಲೂ ಒಂದು ಸಂದು ಇತ್ತು. ಸಾಣೆಯ ಚೌಕಟ್ಟು ಹತ್ತಿರಹತ್ತಿರ ಮೂವತ್ತು ಕಿಲೋ ತೂಗುತ್ತದೆ. ಪರೀಕ್ಷೆಯ ದಿನ ಸಾಬರು ಅದನ್ನು ಬಿಚ್ಚಿಟ್ಟು ಬರೀ ಗಾಡಿಯನ್ನು ಎತ್ತುತ್ತಿದ್ದರು. ಮುನ್ನಿಬೀ ಅದನ್ನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೋದ ವರ್ಷ ಸಾಬರಿಗೆ ಅರವತ್ನಾಲ್ಕು ತುಂಬಿತು, ಅದೂ ಸಾಲದಾಯಿತು. ಬಲಭುಜ ಹಿಡಿದುಕೊಳ್ಳುತ್ತಿತ್ತು. ಶುಕ್ರವಾರದ ಮುಂಜಾನೆ ಹೆಂಡತಿ ನೀರಿಗೆ ಹೋದಾಗ ಟಾಕಿಯ ಪೆಟ್ರೋಲನ್ನು ಒಂದು ಡಬ್ಬಿಗೆ ಇಳಿಸಿ ಅಡುಗೆಮನೆಯ ಹಿಂದೆ ಬಚ್ಚಿಟ್ಟರು. ಮಧ್ಯಾಹ್ನ ಖಾಲಿ ಗಾಡಿ ಎದ್ದು ನಿಂತಿತು. ನಿಂತಿತು ಎನ್ನುವುದಕ್ಕಿಂತ, ಬೀಳದೆ ಉಳಿಯಿತು ಎಂದರೆ ಸರಿ. ಮುನ್ನಿಬೀ ಚಹಾಕ್ಕಿಡಲು ಎದ್ದು ಹೋದಳು.

ಹತ್ತು ದಿನಕ್ಕೆ ರಾಮಸಮುದ್ರದಿಂದ ಅಯ್ಯಮ್ಮನ ಫೋನ್ ಬಂತು. ಅಯ್ಯಮ್ಮ ಹದಿನಾಲ್ಕು ಮಂದಿ ಕೂಲಿ ಹೆಂಗಸರ ಗುಂಪಿಗೆ ಹಿರಿಯಳು. ಯಾರ ಹೊಲಕ್ಕೆ ಯಾವತ್ತು ಹೋಗಬೇಕೆಂದು ತೀರ್ಮಾನಿಸುವವಳು ಅವಳೇ. ನಾಳೆ ನಾಗಣ್ಣನ ಹೊಲದಲ್ಲಿ ತೊಗರಿ ಕೊಯ್ಲು, ಇವತ್ತೇ ಬರಬೇಕು ಎಂದಳು. ಸಾಬರು ಒಂಬತ್ತಕ್ಕೆಲ್ಲ ಅಲ್ಲಿದ್ದರು.

ಆ ಊರಲ್ಲಿ ಅವರಿಗೆ ಗೊತ್ತಾದ ಜಾಗ ಬೇವಿನ ಗಿಡದ ಬುಡ. ಎರೆಮಣ್ಣಿನ ನೆಲದಲ್ಲಿ ಸ್ಟ್ಯಾಂಡ್ ಇಳಿಯುತ್ತದೆಂದು ಅಲ್ಲಿ ಎರಡು ಫರಸಿ ಕಲ್ಲು ಹಾಕಿಸಿಕೊಂಡಿದ್ದರು. ಈ ಸಲ ಬಂದು ನೋಡಿದರೆ ಕಲ್ಲುಗಳಿರಲಿಲ್ಲ. ನಳದ ಪೈಪ್ ಹಾಕಲು ಓಣಿಯ ಉದ್ದಕ್ಕೂ ಅಗೆದು ಮತ್ತೆ ಮುಚ್ಚಿದ್ದರು. ಮುಚ್ಚಿದ ಮಣ್ಣಿನ ಮೇಲೆ ಜನ ಓಡಾಡಿ, ದನ ಓಡಾಡಿ, ನೆಲ ಸಮನಾಗಿ ಕಾಣುತ್ತಿತ್ತು. ಸಾಬರು ಹಿಮ್ಮಡಿಯಿಂದ ಒಮ್ಮೆ ಒದ್ದು ನೋಡಿದರು. ಗಟ್ಟಿ ಎನ್ನಿಸಿತು. ಡಬಲ್ ಸ್ಟ್ಯಾಂಡ್ ಹಾಕಿದರು.

ಇನ್ನೊಂದು ಆ ಊರಿನ ರೂಢಿ. ಅಲ್ಲಿ ಪಾಳಿ ಹಿಡಿಯಲು ಯಾರೂ ಸಾಲಾಗಿ ನಿಲ್ಲುವುದಿಲ್ಲ. ಕುಡುಗೋಲಿಗೆ ಕೊಕ್ಕೆಯಂಥ ಬಾಗು ಇದೆಯಲ್ಲ, ಅದನ್ನು ಗಾಡಿಯ ಹ್ಯಾಂಡಲ್ಲಿಗೆ ತೂಗುಹಾಕಿ ಕಟ್ಟೆಯ ಮೇಲೆ ಹೋಗಿ ಕೂಡುತ್ತಾರೆ. ಮೊದಲು ತೂಗಿದ್ದು ಮೊದಲು. ಎಡಗಡೆಯ ಹಿಡಿ ಅಯ್ಯಮ್ಮನ ಗುಂಪಿಗೆ, ಬಲಗಡೆಯದು ಊರಿನ ಉಳಿದವರಿಗೆ. ಇಷ್ಟು ವರ್ಷ ಎರಡೂ ಕಡೆ ಸಮ ತೂಗುತ್ತಿದ್ದವು, ಯಾರಿಗೂ ಏನೂ ಹೊಳೆದಿರಲಿಲ್ಲ. ಅವತ್ತು ಬಂದದ್ದು ಅಯ್ಯಮ್ಮನ ಗುಂಪು ಮಾತ್ರ. ಹದಿನಾಲ್ಕೂ ಎಡಕ್ಕೇ ಬಿದ್ದವು. ಬಲಗಡೆಯ ಹಿಡಿ ಬೋಳಾಗಿತ್ತು. ಅದಕ್ಕೆ ಒಂದೆರಡು ತೂಗುಹಾಕಿದರೆ ಯಾರ ಗಂಟೇನು ಹೋಗುತ್ತಿತ್ತು? ಆದರೆ ಅದು ಉಳಿದವರ ಹಿಡಿ. ಯಾರೂ ಮುಟ್ಟಲಿಲ್ಲ.

ಮೂರನೆಯ ಕುಡುಗೋಲು ಹಿಡಿಯುತ್ತಿದ್ದಾಗ ಸಾಣೆಯ ಸದ್ದು ಬದಲಾಯಿತು. ಸಾಬರು ತಲೆ ಎತ್ತಿದರು. ಗಾಡಿ ನಡುಗುತ್ತ ನಡುಗುತ್ತ, ಸ್ಟ್ಯಾಂಡಿನ ಎಡಗಾಲು ಮುಚ್ಚಿದ ಮಣ್ಣಿನೊಳಗೆ ಗೇಣುದ್ದ ಇಳಿದುಬಿಟ್ಟಿತ್ತು. ಅವರು ಇದ್ದದ್ದು ಬಲಗಡೆ. ಕೈಯಲ್ಲಿದ್ದ ಕುಡುಗೋಲನ್ನು ದೂರ ಒಗೆದು ಸೀಟಿನ ಕಬ್ಬಿಣಕ್ಕೆ ಜೋತುಬಿದ್ದರು. ದಣಿದ ಎಮ್ಮೆ ಮುಂಗಾಲು ಮಡಚಿ ಕೂಡುವ ಹಾಗೆ ಗಾಡಿ ಅವರನ್ನೂ ಎಳೆದುಕೊಂಡು ಅತ್ತ ವಾಲಿತು. ಕೈಬಿಟ್ಟರು. ಕುಡುಗೋಲುಗಳು ಝಣಝಣ ಎಂದು ಓಣಿಯ ತುಂಬ ಚೆಲ್ಲಿದವು. ಬಿದ್ದ ಮೇಲೂ ಗಾಲಿ ರೊಯ್ಯನೆ ತಿರುಗುತ್ತಲೇ ಇತ್ತು. ಸಾಬರು ಮೇಲಿಂದ ಬಾಗಿ ಕೀಲಿ ತಿರುವಿದರು.

"ಯವ್ವಾ! ಸುಲ್ತಾನಣ್ಣಾ, ಕೈ ಕಾಲು ಅದಾವಿಲ್ಲೋ ನೋಡ್ಕೋರಿ!" ಎಂದು ಅಯ್ಯಮ್ಮ ಕಟ್ಟೆಯಿಂದ ಜಿಗಿದಳು.

"ಅದಾವ, ಅದಾವ. ಹತ್ತಿರ ಬರಬ್ಯಾಡ್ರಿ, ಪೆಟ್ರೋಲ್ ಸೋರಾಕತ್ತದ."

ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯಳು ಮಲ್ಲೇಶ್ವರಿ. ಅವಳ ನಾಲಿಗೆಗೆ ಸಾಣೆ ಬೇಕಿಲ್ಲ. "ಓಡೋ ಗಾಡಿ ಬಿದ್ದದ್ದು ಭಾಳ ನೋಡೀನಿ. ನಿಂತ ಗಾಡಿ ಬಿದ್ದದ್ದು ಇವತ್ತೇ ನೋಡ್ದೆ," ಎಂದಳು.

"ನಿಮ್ಮ ಕುಡಗೋಲಿನ ಭಾರಕ್ಕ ಬಿದ್ದದ ತಂಗಿ."

"ಹದಿನಾಲ್ಕು ಕುಡಗೋಲಿಗೆ ಬೀಳೋ ಗಾಡಿ ಮ್ಯಾಲ ಹೊಳಿ ದಾಟಿ ಬಂದೀರಲ್ರಿ ಕಾಕಾ, ನಿಮ್ಮ ಧೈರ್ಯ ಮೆಚ್ಚಬೇಕು!"

ಹೆಂಗಸರೆಲ್ಲ ನಕ್ಕರು. ಸಾಬರೂ ನಕ್ಕರು. "ಸರೀರಿ ಎಲ್ಲಾರೂ. ಒಬ್ಬನೇ ಎತ್ತತೀನಿ. ಇದಕ್ಕ ಬೇರೆ ಯುಕ್ತಿ ಅದ," ಎಂದು ಗಾಡಿಗೆ ಬೆನ್ನು ಕೊಟ್ಟು ಕುಳಿತರು.

ಮೊದಲ ಸಲ ಗಾಡಿ ಮೊಳದಷ್ಟು ಎದ್ದು ಮತ್ತೆ ಮಲಗಿತು. ಎರಡನೆಯ ಸಲ ಅಷ್ಟೂ ಏಳಲಿಲ್ಲ. ಮೂರನೆಯ ಸಲಕ್ಕೆ ಭುಜದಲ್ಲಿ ಚಳಕ್ ಎಂದು, ಸಾಬರ ಮುಖ ಹಿಂಡಿದ ಬಟ್ಟೆಯಂತಾಯಿತು. ಅಷ್ಟೊತ್ತಿಗೆ ಯಾರೂ ನಗುತ್ತಿರಲಿಲ್ಲ.

"ಸಾಕು ಬಿಡ್ರಿ," ಎಂದು ಅಯ್ಯಮ್ಮ ಸೀರೆಯ ಕಚ್ಚೆ ಬಿಗಿದಳು. ಅವಳು, ಮಲ್ಲೇಶ್ವರಿ, ಇನ್ನೊಬ್ಬಳು, ಮೂವರೂ ಸೇರಿ ಹತ್ತಿಯ ಅಂಡಿಗೆ ಎತ್ತುವ ಹಾಗೆ ಹೋ ಎಂದು ಗಾಡಿಯನ್ನು ನೆಟ್ಟಗೆ ಮಾಡಿದರು. ಕನ್ನಡಿ ಒಂದು ಹೋಗಿತ್ತು. ಕ್ಲಚ್ಚಿನ ಹಿಡಿ ಬಾಗಿತ್ತು. ಸಾಣೆಕಲ್ಲಿಗೆ ಏನೂ ಆಗಿರಲಿಲ್ಲ.

ಸಾಬರು ಕಟ್ಟೆಯ ಮೇಲೆ ಹೋಗಿ ಕುಳಿತರು, ಕೊಟ್ಟ ನೀರನ್ನೂ ಕುಡಿಯಲಿಲ್ಲ. ಪೆಟ್ಟಾಗಿದೆಯೆಂದು ತಿಳಿದು ಅಯ್ಯಮ್ಮ ಭುಜ ಮುಟ್ಟಲು ಹೋದಳು.

"ಪೆಟ್ಟಲ್ಲ ಅಯ್ಯಮ್ಮ. ಇವತ್ತಿಗೆ ನನ್ನ ತಿರುಗಾಟ ಮುಗೀತು," ಎಂದು ಕರಾರಿನ ಸಂಗತಿಯನ್ನೆಲ್ಲ ಹೇಳಿದರು. ಡಬ್ಬಿಗೆ ಇಳಿಸಿದ ಪೆಟ್ರೋಲಿನ ಸಂಗತಿಯನ್ನು ಮಾತ್ರ ಹೇಳಲಿಲ್ಲ.

ಕುಡುಗೋಲು ಆರಿಸುತ್ತಿದ್ದ ಮಲ್ಲೇಶ್ವರಿಗೆ ಇದು ಸರಿಬೀಳಲಿಲ್ಲ. "ಮನ್ಯಾಗಿನೋರಿಗೆ ಹೇಳೋರ್ಯಾರು? ನಾವೇನ್ ಶಹಾಪುರಕ್ಕ ಫೋನ್ ಹಚ್ಚಿ ಹೇಳ್ತೀವೇನು? ನೀವು ಬಾಯಿ ಬಿಡಬ್ಯಾಡ್ರಿ, ನಾವು ಬಿಡಂಗಿಲ್ಲ."

"ಸುಮ್ನಿರಲೇ," ಎಂದಳು ಅಯ್ಯಮ್ಮ. ಗಾಡಿಯ ಬೆನ್ನಿಗಿದ್ದ ಚೌಕಟ್ಟಿನ ಮೇಲೆ ಕೈ ಇಟ್ಟಳು. "ಅಣ್ಣಾ, ಮನ್ಯಾಗ ಎತ್ತೋವಾಗ ಈ ಸಾಣಿ ಇರ್ತದೇನು?"

"ಇರಂಗಿಲ್ಲ. ಬಿಚ್ಚಿಡ್ತೀನಿ."

"ಮತ್ತ ಇವತ್ತಿಂದು ಲೆಕ್ಕಕ್ಕ ಹ್ಯಾಂಗ ಬರ್ತದ? ಈಗ ಬಿಚ್ರಿ. ಬರೀ ಗಾಡಿ ಮಲಗಸ್ರಿ. ಎದ್ರ ಕರಾರು ಉಳೀತು, ಚೊಕ್ಕ ಮುಖ ಇಟ್ಕೊಂಡು ಮನಿಗಿ ಹೋಗ್ರಿ. ಏಳಲಿಲ್ಲಂದ್ರ ಅದು ನಿಮಗೂ ಗೊತ್ತಾಗಲಿ."

ನ್ಯಾಯ ಹೇಳಿದ ಹಾಗಿತ್ತು. ಸಾಬರು ಎದ್ದು ನಾಲ್ಕೂ ಬೋಲ್ಟ್ ಬಿಚ್ಚಿದರು. ಹೆಂಗಸರು ಚೌಕಟ್ಟನ್ನು ಇಳಿಸಿಕೊಂಡರು. ಗಾಡಿಯನ್ನು ಅಗೆಯದ ಗಟ್ಟಿ ನೆಲಕ್ಕೆ ತಳ್ಳಿಕೊಂಡು ಹೋಗಿ ತಾವೇ ಮಲಗಿಸಿದರು. ಟಾಕಿಯಲ್ಲಿ ಪೆಟ್ರೋಲ್ ಇನ್ನೂ ಮುಕ್ಕಾಲು ಇತ್ತು. ಬಿಸ್ಮಿಲ್ಲಾ ಎಂದು ಕುಳಿತರು. ಸಾಬರ ಕೈಯ ನರಗಳು ಹುರಿಹಗ್ಗದಂತೆ ಎದ್ದವು. ಗಾಡಿ ಮೊಣಕಾಲಿನ ಎತ್ತರ ದಾಟಿತು. "ಬಂತು, ಬಂತು! ಹಿಂದಕ್ಕ ಬರ್ರಿ ಕಾಕಾ, ಹಿಂದಕ್ಕ!" ಎಂದು ಮಲ್ಲೇಶ್ವರಿ ಕೂಗಿದಳು. ಒಂದು ಹೆಜ್ಜೆ ಹಿಂದಕ್ಕಿಟ್ಟರು. ಎರಡನೆಯದನ್ನು ಇಡುವಾಗ ಭುಜ ಸೋತಿತು. ಗಾಡಿ ದೊಪ್ಪೆಂದು ಬಿದ್ದು, ಬಾಗಿದ್ದ ಕ್ಲಚ್ಚಿನ ಹಿಡಿ ಅರ್ಧಕ್ಕೆ ಮುರಿಯಿತು.

ಸಾಬರು ಅಲ್ಲೇ ನೆಲದ ಮೇಲೆ ಗಾಡಿಗೆ ಒರಗಿ ಕುಳಿತು ಬೆವರು ಒರೆಸಿಕೊಂಡರು. ಆಮೇಲೆ, "ಎತ್ತೋ ಯುಕ್ತಿ ಸುಳ್ಳಲ್ಲ ಅಯ್ಯಮ್ಮ. ಬೇಕಂದ್ರ ನೀನು ಮಾಡಿ ನೋಡು," ಎಂದರು.

ಅಯ್ಯಮ್ಮ ಅವರು ಹೇಳಿಕೊಟ್ಟ ಹಾಗೆ ಬೆನ್ನು ಕೊಟ್ಟು ಕುಳಿತಳು, ಹಿಡಿಯಬೇಕಾದಲ್ಲಿ ಹಿಡಿದಳು, ಹಿಂದಕ್ಕೆ ನಾಲ್ಕು ಹೆಜ್ಜೆ ಬಂದಳು. ಗಾಡಿ ನಿಂತಿತು. ಅವಳಿಗೇ ಆಶ್ಚರ್ಯ.

"ಇಷ್ಟೇ ಏನ್ರಿ?" ಎಂದುಬಿಟ್ಟು, ಸಾಬರ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

"ಇಷ್ಟೇ," ಎಂದರು ಸಾಬರು.

ಮತ್ತೆ ಸಾಣೆ ಕೂಡಿಸಿದರು. ಸ್ಟ್ಯಾಂಡಿನ ಕೆಳಗೆ ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲು ಬಂತು. ಕೆಳಗೆ ಬಿದ್ದ ಕುಡುಗೋಲುಗಳು ಬೆರೆತುಹೋಗಿ, ಇದು ನಂದು, ಅದು ನಿಂದು ಎಂಬ ಜಗಳ ಒಂದು ಗಳಿಗೆ ನಡೆಯಿತು. ಸಾಬರೇ ಒಂದೊಂದನ್ನೂ ಕೈಗೆತ್ತಿಕೊಂಡು ಅಲಗು ನೋಡಿ ಇಂಥವಳದೆಂದು ಹೇಳಿ ಮುಗಿಸಿದರು. ಹದಿನಾಲ್ಕಕ್ಕೂ ಧಾರ ಹಿಡಿದು ಹನ್ನೆರಡೂವರೆಗೆ ಊರು ಬಿಟ್ಟರು.

ಅರ್ಧ ಕ್ಲಚ್ಚಿನ ಮೇಲೆ ಯಾದಗಿರಿ ದಾಟಿ, ಸೇತುವೆ ದಾಟಿ ಬರುವಾಗ ಅವರು ಎಲ್ಲಿಯೂ ನಿಲ್ಲಲಿಲ್ಲ. ದಿನಾ ಚಹಾ ಕುಡಿಯುವ ಹೋಟೆಲಿನ ಮುಂದೆಯೂ ನಿಲ್ಲಲಿಲ್ಲ. ಓಡುವ ಗಾಡಿ ಬೀಳುವುದಿಲ್ಲ, ನಿಲ್ಲಿಸುವಾಗಲೇ ಬೀಳುವುದು ಎಂಬ ಹೆದರಿಕೆ ಅಂದು ಮೊದಲ ಸಲ ಹತ್ತಿಕೊಂಡಿತ್ತು. ದಾರಿಯುದ್ದಕ್ಕೂ ಹೇಳುವುದೋ ಬೇಡವೋ ಎಂದು ತೂಗಿ ನೋಡಿದರು. ಮಲ್ಲೇಶ್ವರಿ ಹೇಳಿದ್ದೂ ಖರೆಯೇ. ರಾಮಸಮುದ್ರದ ಓಣಿಯಲ್ಲಿ ಆದದ್ದು ಶಹಾಪುರಕ್ಕೆ ತಿಳಿಯುವ ಬಗೆಯಿಲ್ಲ. ಕ್ಲಚ್ ಮುರಿದದ್ದಕ್ಕೆ ನೂರು ನೆಪ ಹೇಳಬಹುದು. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ಒಂದು ನೆಪವನ್ನು ಜೋಡಿಸಿಯೂ ಇಟ್ಟುಕೊಂಡಿದ್ದರು. ಸಂತೆಯಲ್ಲಿ ಆಟೋದವನು ತಾಗಿಸಿದ ಎಂದು.

ಮುನ್ನಿಬೀ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮೊದಲು ಗಾಡಿ ನೋಡಿದಳು, ಆಮೇಲೆ ಗಂಡನನ್ನು.

"ಕ್ಲಚ್ಚಿಗೇನಾಯ್ತು?"

ಜೋಡಿಸಿಟ್ಟ ಮಾತು ಬಾಯಿಗೆ ಬರಲಿಲ್ಲ. "ಬಿತ್ತು," ಎಂದರು.

ಎಲ್ಲಿ ಬಿತ್ತು, ಹ್ಯಾಂಗ ಬಿತ್ತು, ಪೆಟ್ಟಾಯಿತೇ ಎಂದು ಅವಳು ಕೇಳಲಿಲ್ಲ. ಕೇಳಿದ್ದು ಒಂದೇ.

"ಯಾರು ಎತ್ತಿದ್ರು?"

ಸಾಬರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತರು. "ಮೂರು ಮಂದಿ ಹೆಣ್ಣಮಕ್ಕಳು ಎತ್ತಿದ್ರು. ಆಮ್ಯಾಲ ಸಾಣಿ ಬಿಚ್ಚಿ ನಾನು ಒಬ್ಬನೇ ನೋಡಿದೆ. ಆಗಲಿಲ್ಲ ಮುನ್ನಿ. ಹೋದ ಶುಕ್ರವಾರದ ಹಿಂದಿನ ಶುಕ್ರವಾರ ಎದ್ದದ್ದೂ ಖರೇ ಅಲ್ಲ. ಪೆಟ್ರೋಲ್ ಇಳಿಸಿದ್ದೆ."

"ಗೊತ್ತದ."

"ಗೊತ್ತದ?"

"ಅಡಗಿಮನಿ ಹಿಂದ ಡಬ್ಬಿ ಇಟ್ರ ಒಲಿ ಮುಂದ ಕುಂತಾಕಿಗಿ ವಾಸನಿ ಬರಂಗಿಲ್ಲೇನ್ರಿ? ಅವತ್ತ ಜೀವ ಕೈಯಾಗ ಹಿಡಕೊಂಡು ಒಲಿ ಹಚ್ಚೀನಿ."

"ಮತ್ತ ಯಾಕ ಸುಮ್ನಿದ್ದಿ?"

ಮುನ್ನಿಬೀ ಮೆಣಸಿನಕಾಯಿಯನ್ನು ಅಂಗೈಯಿಂದ ಹರಡುತ್ತಲೇ ಹೇಳಿದಳು. "ಮನ್ಯಾಗ ಕುಂದ್ರಸಿದ್ರ ನೀವು ಹ್ಯಾಂಗ ಆಗ್ತೀರಂತ ನನಗ ಗೊತ್ತಿಲ್ಲೇನು? ಇನ್ನೊಂದು ಸುಗ್ಗಿ ತಿರುಗಲಿ ಅಂತ ಕಣ್ಣು ಮುಚ್ಚಿದೆ. ಅದು ನನ್ನ ತಪ್ಪು. ಇವತ್ತ ನೀವು ದಾರ್ಯಾಗ ಒಬ್ಬರೇ ಇದ್ದಿದ್ರ ನಾನು ಯಾವ ಮುಖ ಇಟ್ಕೊಂಡು ಇರ್ತಿದ್ದೆ?"

ಸಾಬರು ಕೀಲಿಯನ್ನು ಅವಳ ಮುಂದೆ ಮೆಣಸಿನಕಾಯಿಯ ಚೀಲದ ಮೇಲೆ ಇಟ್ಟರು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. "ಇದು ನನಗ್ಯಾಕ? ಪ್ಯಾಟಿ ಒಳಗ ಓಡಿಸ್ಕೋರಿ. ಬಿದ್ರ ಎತ್ತಾಕ ಹತ್ತು ಮಂದಿ ಇರ್ತಾರ. ಊರ ಹೊರಗಿನ ದಾರಿ ಬ್ಯಾಡ," ಎಂದಳು. ಇಬ್ಬರೂ ಊಟ ಮಾಡಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಮರುವಾರದಿಂದ ಸುಲ್ತಾನಸಾಬರು ಶಹಾಪುರದ ಬಸ್ ಸ್ಟ್ಯಾಂಡಿನ ಹೊರಗೋಡೆಗೆ ಗಾಡಿ ಹಚ್ಚಿ ಕೂಡತೊಡಗಿದರು. ಗಟ್ಟಿ ಕಾಂಕ್ರೀಟು ನೆಲ. ಮೊದಲ ನಾಲ್ಕು ದಿನ ದರ್ಜಿಯ ಕತ್ತರಿ, ಹೋಟೆಲಿನವರ ಚಾಕು ಬಿಟ್ಟರೆ ಬೇರೇನೂ ಬರಲಿಲ್ಲ. ಸುಗ್ಗಿಯಲ್ಲಿ ಅವರ ಕೈ ಕುಡುಗೋಲು ಹಿಡಿಯದೆ ಇದ್ದದ್ದು ಇದೇ ಮೊದಲು. ಹೊರಡುವ ಬಸ್ಸುಗಳ ಹಲಗೆಯ ಮೇಲಿನ ಊರುಗಳನ್ನು ಓದುತ್ತ ಕೂಡುವರು. ಹುಣಸಗಿ, ಕೊಡೇಕಲ್, ಸುರಪುರ, ಯಾದಗಿರಿ.

ಐದನೆಯ ದಿನ ಅಯ್ಯಮ್ಮನ ಫೋನ್ ಬಂತು. ನಾಗಣ್ಣನ ಹೊಲ ಮುಗಿದಿತ್ತು, ಧಾರ ಹೋಗಿತ್ತು.

"ಬರಾಕ ಆಗಂಗಿಲ್ಲ ತಂಗಿ. ಹೇಳಿದ್ನಲ್ಲ."

"ನಿಮ್ಮನ್ನ ಯಾರು ಕರದ್ರು? ಕುಡಗೋಲ ಕಳಸ್ತೀನಿ. ಬಸ್ಸಿಗಿ."

ಯಾದಗಿರಿಯಿಂದ ಬರುವ ಬಸ್ಸಿನ ಕಂಡಕ್ಟರ್ ಭೀಮರಾಯ ಮೊದಲು ಒಪ್ಪಲಿಲ್ಲವಂತೆ. ಜನರ ಕಾಲಬುಡದಲ್ಲಿ ಕುಡುಗೋಲು ಇಟ್ಟುಕೊಂಡು ಹೋಗಲು ಬರುವುದಿಲ್ಲ ಎಂದನಂತೆ. ಅಯ್ಯಮ್ಮ ಬಿಡುವವಳೇ? ಒಂದೊಂದು ಅಲಗಿಗೂ ಹಳೆಯ ಸೀರೆಯ ಬಟ್ಟೆ ಸುತ್ತಿ, ಹಿಡಿಗೆ ಅವರವರ ಸೀರೆಯದೇ ಒಂದು ಚೂರು ಗುರುತಿಗೆ ಕಟ್ಟಿ, ನಡುವೆ ತೊಗರಿ ಹೊಟ್ಟು ತುಂಬಿ ಗೋಣಿಚೀಲದ ಬಾಯಿ ಹೊಲಿದು, ಯಾದಗಿರಿಗೆ ಒಯ್ದು ಡ್ರೈವರನ ಹಿಂದಿನ ಕಟಕಟೆಗೆ ತಾನೇ ಬಿಗಿದು ಬಂದಳು. ಮರುದಿನ ಮುಂಜಾನೆ ಹತ್ತಕ್ಕೆ ಶಹಾಪುರದಲ್ಲಿ ಚೀಲ ಇಳಿಯಿತು. ಸಾಬರು ನಾಲ್ಕರ ಬಸ್ಸಿಗೆ ತಿರುಗಿ ಹಾಕಿದರು. ಸಂಜೆ ಫೋನಿನಲ್ಲಿ ಮಲ್ಲೇಶ್ವರಿ, "ಧಾರ ಚಲೋ ಅದ ಕಾಕಾ. ಆದ್ರ ನಿಮ್ಮ ಗಾಡಿ ಬೀಳೋದು ನೋಡಾಕ ಸಿಗಲಿಲ್ಲ ಅಂತ ಎಲ್ಲಾರಿಗೂ ಬ್ಯಾಸರ," ಎಂದಳು.

"ಬಸ್ ಹತ್ತಿ ಬಾರವ್ವ, ತೋರಸ್ತೀನಿ," ಎಂದರು ಸಾಬರು.

ಎರಡನೆಯ ಚೀಲದ ಹೊತ್ತಿಗೆ ಭೀಮರಾಯ ತಕರಾರು ಮಾಡಲಿಲ್ಲ. ಚೀಲ ಇಳಿಸಿ, ಸೀಟಿನ ಕೆಳಗೆ ಕೈ ಹಾಕಿ ಪೇಪರಿನಲ್ಲಿ ಸುತ್ತಿದ ಒಂದು ಈಳಿಗೆ ತೆಗೆದ.

"ನಮ್ಮವ್ವಂದು ಸಾಬ್ರೆ. ನಾಲ್ಕರ ತನ ಆಗ್ತದೇನು?"

"ಪಾಳಿ ಅದ," ಎಂದು ಸಾಬರು ಹ್ಯಾಂಡಲ್ಲಿನ ಬದಲು ಗೋಡೆಗೆ ಹೊಡೆದ ಮೊಳೆಗಳ ಸಾಲು ತೋರಿಸಿದರು. ಭೀಮರಾಯ ಹೋಗಿ ಕೊನೆಯ ಮೊಳೆಗೆ ಈಳಿಗೆ ತೂಗುಹಾಕಿ ಬಂದ.